ಕಾಯಿಲೆ ಇಲ್ಲದವಳು

ಮೂರನೆಯ ಮೋಸಂಬಿ ಚೀಲ ಮನೆಗೆ ಬಂದ ದಿನ ನನ್ನ ತಲೆ ಕೆಟ್ಟುಹೋಯಿತು.

ನಮ್ಮ ಕಡೆ ಯಾರಾದರೂ ಮೋಸಂಬಿ, ಬ್ರೆಡ್ಡು ಹಿಡಿದುಕೊಂಡು ಒಂದು ಮನೆಗೆ ಹೋದರೆಂದರೆ ಆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥ. ಹಬ್ಬಕ್ಕೆ, ಮದುವೆಗೆ, ಗೃಹಪ್ರವೇಶಕ್ಕೆ ಯಾರೂ ಮೋಸಂಬಿ ಒಯ್ಯುವುದಿಲ್ಲ. ಅದು ರೋಗಿಗಳ ಹಣ್ಣು. ನಾನೋ, ಸವಳಂಗದಿಂದ ನ್ಯಾಮತಿ ರಸ್ತೆಯಲ್ಲಿ ದಿನಾ ಸಂಜೆ ಓಡುವವಳು. ನಲವತ್ತಾರು ವಯಸ್ಸಾದರೂ ಜ್ವರ ಬಂದು ಮಲಗಿ ಎಷ್ಟು ಕಾಲವಾಯಿತೋ ನೆನಪಿಲ್ಲದವಳು. ಅಂಥವಳನ್ನು ನೋಡಿಕೊಂಡು ಹೋಗಲು ಜನ ಬರತೊಡಗಿದ್ದರು. ಬಂದವರು ನನ್ನ ಮುಖ ನೋಡುತ್ತಿರಲಿಲ್ಲ. ಕತ್ತಿನ ಎಲುಬು ನೋಡಿ, ಆಮೇಲೆ ನಮ್ಮ ಅತ್ತೆ ಉಚ್ಚಂಗೆಮ್ಮನ ಕಡೆ ತಿರುಗಿ ಲೊಚಗುಟ್ಟುತ್ತಿದ್ದರು.

ಮೊದಲೆರಡು ಚೀಲಕ್ಕೆ ನಕ್ಕು ಸುಮ್ಮನಾಗಿದ್ದೆ. ಮೂರನೆಯದನ್ನು ತಂದವಳು ನ್ಯಾಮತಿಯ ಕರಿಬಸಮ್ಮ. ಅತ್ತೆಗೆ ದೂರದಿಂದ ತಂಗಿಯಾಗಬೇಕು. ನನ್ನ ಮಗಳು ಕಾವ್ಯಶ್ರೀಗೆ ಜಗಳೂರಿನ ಸಂಬಂಧ ತಂದವಳೂ ಅವಳೇ. ಹುಡುಗ ಗುರುಸ್ವಾಮಿಗೆ ಅಲ್ಲಿ ಮೆಡಿಕಲ್ ಶಾಪ್ ಇತ್ತು. ಹೆಣ್ಣು ನೋಡಿ ಹೋಗಿದ್ದರು, ಒಪ್ಪಿಗೆ ಅಂದಿದ್ದರು, ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಂಡು ಖುಷಿಯಾಗಿದ್ದರು. ನಿಶ್ಚಿತಾರ್ಥಕ್ಕೆ ದಿನ ನೋಡಿ ಹೇಳುತ್ತೇವೆ ಅಂದ ಹಿರಿಯರು ಮಾತ್ರ ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ.

"ಚೆಂದಾಗಿ ತಿನ್ನವ್ವ," ಕರಿಬಸಮ್ಮ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. "ಎಂಥಾ ಕಾಯಿಲೆ ಬಂದ್ರೂ ಧೈರ್ಯ ಬಿಡಬಾರ್ದು."

"ಯಾರಿಗೆ ಕಾಯಿಲೆ ಚಿಕ್ಕಮ್ಮ?"

ಅವಳು ನನ್ನ ಕೈ ಸವರಿದಳು. "ನನ್ ಹತ್ರ ಮುಚ್ಚಿಟ್ರೆ ಹೆಂಗೆ? ಜಗಳೂರ್ನೋರಿಗೂ ಗೊತ್ತಾಗೈತೆ. ಹುಡುಗಿ ತಾಯಿಗೆ ಒಳಗೇ ಏನೋ ಐತಂತೆ, ನಾಳೆ ಮಗಳಿಗೂ ಬಂದ್ರೆ ಏನ್ ಮಾಡಾಕೆ ಆಗ್ತೈತೆ ಅಂತ ಹುಡುಗನ ಅಪ್ಪ ಶಿವಮೂರ್ತಪ್ಪ ಕೇಳಿದ್ರು. ಅದ್ಕೇ ದಿನ ಹೇಳ್ತಿಲ್ಲ ಅವ್ರು."

"ನಂಗೆ ಕಾಯಿಲೆ ಅಂತ ಯಾರು ಹೇಳಿದ್ದು?"

"ಯಾರು ಅಂದ್ರೆ? ನಿನ್ ಗಂಡ ಓಂಕಾರನೇ ಹೇಳಿದ್ನಲ್ಲ. ಡಾಕ್ಟ್ರು ದಿನಾ ಓಡಾಕೆ ಹೇಳ್ಯಾರೆ, ಇಲ್ದಿದ್ರೆ ಕಷ್ಟ ಐತೆ ಅಂತ."

ಯಾವ ಡಾಕ್ಟರು? ನಾನು ಓಡಲು ಶುರು ಮಾಡಿದ್ದಕ್ಕೂ ಡಾಕ್ಟರಿಗೂ ಏನೇನೂ ಸಂಬಂಧವಿರಲಿಲ್ಲ. ನಾನು ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಊರವರ ಹಾಲಿನ ಫ್ಯಾಟ್ ನೋಡುವುದು ನನ್ನ ಕೆಲಸ. ಹೋದ ವರ್ಷ ಒಂದು ದಿನ ಹಾಲಿನ ಕ್ಯಾನ್ ಎತ್ತಿ ವ್ಯಾನಿಗಿಡಲು ಹೋಗಿ, ಏದುಸಿರು ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹಾಲು ಹಾಕಲು ಬಂದಿದ್ದ ಸಣ್ಣತಿಮ್ಮಪ್ಪ, "ಅಕ್ಕಾರೆ, ಮೊದ್ಲು ನಿಮ್ಮ ಫ್ಯಾಟ್ ನೋಡ್ಕಳ್ರಿ" ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರ ಜೊತೆ ನಾನೂ ನಕ್ಕೆ. ಮನೆಗೆ ಹೋಗಿ ಬಚ್ಚಲಿನಲ್ಲಿ ನಿಂತು ಸಿಟ್ಟಿಗೆ ಅತ್ತುಬಿಟ್ಟೆ.

ಮರುದಿನದಿಂದಲೇ ಸಂಜೆಯ ಹಾಲಿಗೆ ಮುಂಚೆ ನಡೆಯತೊಡಗಿದೆ. ನಡಿಗೆ ಓಟವಾಯಿತು. ಕಾವ್ಯ ಓದುವಾಗ ಓಡಿಸುತ್ತಿದ್ದ ಹಳೆಯ ಸೈಕಲ್ಲನ್ನು ದನದ ಕೊಟ್ಟಿಗೆಯಿಂದ ಹೊರಗೆಳೆದು ರಿಪೇರಿ ಮಾಡಿಸಿದೆ. ಆಗ ಕಾವ್ಯಳೇ ಫೋನಿನಲ್ಲಿ ಒಂದು ಪ್ರಕಟಣೆ ತೋರಿಸಿದಳು. ದಾವಣಗೆರೆಯ ಕೆಲವು ಸೈಕಲ್ ಗೆಳೆಯರು ಚನ್ನಗಿರಿ ತಾಲೂಕಿನ ಸೂಳೆಕೆರೆಯಲ್ಲಿ ಟ್ರಯಥ್ಲಾನ್ ಮಾಡುತ್ತಾರಂತೆ. ಮೊದಲು ಕೆರೆಯಲ್ಲಿ ಈಜಬೇಕು, ಎದ್ದು ಬಂದು ಸೈಕಲ್ ಹೊಡೆಯಬೇಕು, ಇಳಿದು ಓಡಬೇಕು. ಮಧ್ಯೆ ಬಿಡುವಿಲ್ಲ. ಗೊತ್ತುಮಾಡಿದ ಹೊತ್ತಿನೊಳಗೆ ಮೂರನ್ನೂ ಮುಗಿಸಿದವರಿಗೆ ಪದಕ ಕೊಡುತ್ತಾರೆ.

ಈಜು ಅನ್ನುವುದನ್ನು ಓದಿ ಮೈ ಜುಮ್ಮೆಂದಿತು. ಹೆಸರು ಕೊಟ್ಟುಬಿಟ್ಟೆ. ನನ್ನ ತವರು ಹೊನ್ನಾಳಿಯ ಆಚೆ, ಹೊಳೆದಂಡೆಯ ಊರು. ನಾನೂ ನನ್ನ ತಮ್ಮ ಪರಮೇಶನೂ ಹೊಳೆಯಲ್ಲಿ ಬಿದ್ದುಕೊಂಡೇ ಬೆಳೆದವರು. ನಾನು ದೊಡ್ಡವಳಾದ ಮೇಲೆ ಇನ್ನು ಹೊಳೆಗೆ ಬಟ್ಟೆ ಒಗೆಯಲಷ್ಟೇ ಹೋಗು ಅಂದರು ಅಪ್ಪ. ಮೊಣಕಾಲುದ್ದದ ನೀರಿನಲ್ಲಿ ನಿಂತು ಬಟ್ಟೆ ಕುಕ್ಕುತ್ತಾ, ಅವನು ನಡುಹೊಳೆಯಲ್ಲಿ ಮುಳುಗಿ ಏಳುವುದನ್ನು ನೋಡುತ್ತಿದ್ದೆ. ಆ ಸಿಟ್ಟು ಇಷ್ಟು ವರ್ಷ ಎಲ್ಲೂ ಹೋಗಿರಲಿಲ್ಲ. ಈಗ ಭಾನುವಾರಗಳಂದು ತವರಿಗೆ ಹೋಗಿ, ಸೊಂಟದ ಹಗ್ಗಕ್ಕೆ ಒಂದು ಲಾರಿ ಟ್ಯೂಬು ಕಟ್ಟಿಕೊಂಡು ಹೊಳೆಗಿಳಿದೆ. ದಂಡೆಯ ಮೇಲೆ ಪರಮೇಶ ಕಾವಲು ಕೂತ. ಮೊದಲ ದಿನ ನೀರು ಕುಡಿದೆ. ನಾಲ್ಕನೆಯ ವಾರಕ್ಕೆ ಟ್ಯೂಬು ಬಿಚ್ಚಿ ದಂಡೆಗೆ ಎಸೆದೆ.

ಇಷ್ಟೇ ನನ್ನ ಕಾಯಿಲೆ.

ಕರಿಬಸಮ್ಮನಿಗೆ ಕಾಫಿ ಮಾಡಿಕೊಡುವ ಸಹನೆ ನನಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ಹೋದೆ. ಓಂಕಾರ್ ಅವರದು ಬಸ್‌ಸ್ಟ್ಯಾಂಡ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸುಟ್ಟುಕೊಂಡು ಬಂದವರು ಅದು ರಿಪೇರಿಯಾಗುವವರೆಗೂ ಅಲ್ಲಿನ ಬೆಂಚಿನ ಮೇಲೆ ಕೂತು ಊರ ಸುದ್ದಿ ಮಾತಾಡುತ್ತಾರೆ. ಅಂದೂ ಇಬ್ಬರು ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತು, "ಕೂತ್ಕಳ್ರಿ ಅಕ್ಕಾರೆ, ಸುಸ್ತಾಗ್ತೈತೆ" ಅಂದರು.

"ನಂಗೆ ಯಾವ ಕಾಯಿಲೆ ಐತ್ರೀ?" ಎಂದು ಅವರೆದುರೇ ಕೇಳಿದೆ.

ಓಂಕಾರ್ ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟು, ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದರು. "ಮೆಲ್ಲಗೆ ಮಾತಾಡು. ಸ್ವಲ್ಪ ಶುಗರ್ ಐತೆ ಅಂದಿದ್ದೆ, ಅಷ್ಟೇ."

"ನಂಗೆ ಶುಗರ್ ಐತಾ?"

"ಇಲ್ಲ. ಮೊದ್ಲು ಎಲ್ರೂ ಬಂದು ಕೇಳೋರು. ಏನ್ ಓಂಕಾರಪ್ಪ, ನಿಮ್ಮನೆಯವ್ರು ಪ್ಯಾಂಟ್ ಹಾಕ್ಕಂಡು ಎಲ್ಲಿಗೆ ಓಡ್ತಾರೆ ಅಂತ ನಗೋರು. ನಾನೇನ್ ಹೇಳ್ಲಿ? ಡಾಕ್ಟ್ರು ಹೇಳ್ಯಾರೆ ಅಂದೆ. ಆವತ್ತಿಂದ ಒಬ್ರೂ ನಗ್ಲಿಲ್ಲ. ನಿನ್ ಮರ್ಯಾದೆ ಉಳ್ಸಾಕೇ ಹೇಳಿದ್ದು."

"ಅವ್ಳಿಗೆ ಇಷ್ಟ, ಅದ್ಕೆ ಓಡ್ತಾಳೆ ಅನ್ನಾಕೆ ಏನಾಗಿತ್ತು?"

ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಹಂಗೆ ಹೇಳಾಕೆ ಆಗ್ತೈತಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳಿಗಿಂತ ಈ ಮಾತೇ ಹೆಚ್ಚು ಉರಿಸಿತು. ಹೆಂಡತಿಗೆ ರೋಗ ಅನ್ನಬಹುದು, ಇಷ್ಟ ಅನ್ನಲಾಗದು. ಬೆಂಚಿನ ಮೇಲೆ ಶುಗರ್ ಆಗಿದ್ದದ್ದು ನ್ಯಾಮತಿ ಮುಟ್ಟುವ ಹೊತ್ತಿಗೆ ರಕ್ತದ ಕಾಯಿಲೆಯಾಯಿತು, ಹೊನ್ನಾಳಿ ದಾಟುವಾಗ ಆಪರೇಷನ್ ಆಯಿತು, ಜಗಳೂರು ತಲುಪುವಷ್ಟರಲ್ಲಿ ಹೆಸರು ಹೇಳಬಾರದ ದೊಡ್ಡ ಕಾಯಿಲೆಯೇ ಆಗಿಬಿಟ್ಟಿತ್ತು. ಯಾರೂ ಅನುಮಾನಪಡಲಿಲ್ಲ. ಹೇಗೆ ಪಡುತ್ತಾರೆ? ದಿನದಿನಕ್ಕೂ ನಾನು ಸಣ್ಣಗಾಗುತ್ತಿದ್ದೆ. ನಾನು ಬೆವರು ಸುರಿಸಿ ಇಳಿಸಿದ ಒಂದೊಂದು ಕೇಜಿಯೂ ಗಂಡನ ಸುಳ್ಳಿಗೆ ಸಾಕ್ಷಿ ಹೇಳಿತ್ತು.

ಮನೆಗೆ ಬಂದರೆ ಅತ್ತೆ ಇನ್ನೊಂದು ಶುರು ಮಾಡಿದರು. "ಅವ್ನಾದ್ರೂ ಏನ್ ಹೇಳ್ಬೇಕಿತ್ತು? ಕೇಳಿದೋರಿಗೆ ನಾನೂ ಹಂಗೇ ಹೇಳೀನಿ. ಈಗ ಒಂದೆರಡು ತಿಂಗ್ಳು ಓಡೋದು ಬಿಟ್ಟು, ಬೆಣ್ಣೆ ತುಪ್ಪ ತಿಂದು ಮೈ ತುಂಬ್ಕೋ. ಜಗಳೂರ್ನೋರು ಒಂದ್ಸಲ ನೋಡ್ಲಿ. ಆಮೇಲೆ ಬೇಕಾದ್ರೆ ಓಡು."

"ಹಂದಿ ಮೇಯಿಸ್ದಂಗೆ ಮೇಯಿಸ್ತೀರಾ ನನ್ನ?" ಅಂದೆ. ಅತ್ತೆ ಮುಖ ತಿರುಗಿಸಿ ದೇವರ ಕೋಣೆಗೆ ಹೋದರು.

ಇವರಿಬ್ಬರ ಮೇಲೆ ಕೂಗಾಡುವುದು ಸುಲಭವಿತ್ತು. ಕಾವ್ಯ ಹಾಗಲ್ಲ. ಅವಳು ಹೊನ್ನಾಳಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಸಂಜೆ ಬಸ್ಸಿಳಿದು ಬಂದವಳು ಬ್ಯಾಗನ್ನೂ ಇಡದೆ ನನ್ನ ಪಕ್ಕದಲ್ಲಿ ಕೂತಳು. ಕಣ್ಣು ಕೆಂಪಾಗಿದ್ದವು.

"ಅಮ್ಮ, ಕಾಯಿಲೆ ಇಲ್ಲ ಅಂದ್ರೆ ಗುರು ಮನೇಲಿ ನಂಬ್ತಿಲ್ಲ. ಈ ರೇಸ್ ಇದೊಂದ್ಸಲ ಬಿಟ್ಬಿಡು. ಮುಂದಿನ ವರ್ಷ ಮಾಡು. ಗುರು ಒಳ್ಳೇವ್ನಮ್ಮ. ನಂಗೆ ಅವ್ನು ಇಷ್ಟ."

ಇಷ್ಟ ಎಂಬ ಮಾತನ್ನು ನನ್ನ ಮಗಳು ಎಷ್ಟು ಸರಳವಾಗಿ ಹೇಳಿದಳು. ಅವಳ ಇಷ್ಟಕ್ಕೆ ನನ್ನ ಇಷ್ಟ ಅಡ್ಡ ಬಂದಿತ್ತು. ಅಡ್ಡ ತಂದು ನಿಲ್ಲಿಸಿದ ಓಂಕಾರ್ ಅಂದು ರಾತ್ರಿ ನಮ್ಮಿಬ್ಬರ ಮಧ್ಯೆ ತಣ್ಣಗೆ ಊಟ ಮಾಡುತ್ತಾ ಕೂತಿದ್ದರು. ಎರಡು ದಿನ ನಾನು ಓಡಲಿಲ್ಲ. ಎರಡೂ ದಿನ ಡೈರಿಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಸ್ಪರ್ಧೆ ಬರುವ ಭಾನುವಾರ ಇತ್ತು.

ಮೂರನೆಯ ದಿನ ಕರಿಬಸಮ್ಮ ಓಂಕಾರ್ ಅವರಿಗೆ ಫೋನ್ ಮಾಡಿದಳು. ಜಗಳೂರಿನವರು ಒಂದು ದಾರಿ ಹೇಳಿದ್ದಾರಂತೆ. ಹುಡುಗಿಯ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಲ್ಲ ಟೆಸ್ಟ್ ಮಾಡಿಸಿ ರಿಪೋರ್ಟ್ ಕಳಿಸಬೇಕಂತೆ. ಅದನ್ನು ನೋಡಿ ಮುಂದಿನ ಮಾತಂತೆ. ಓಂಕಾರ್ ತಲೆಯಾಡಿಸುತ್ತಾ, "ಆಗ್ಲಿ ಬಿಡು, ಒಳ್ಳೇದೇ ಆಯ್ತು" ಅಂದರು. ನಾನು ಹಾಲಿನ ಸ್ಯಾಂಪಲ್ ಕೇಳುವ ಹಾಗೆ ಯಾರೋ ನನ್ನ ರಕ್ತ ಕೇಳುತ್ತಿದ್ದರು, ನನ್ನ ಗಂಡ ಹಿಡಿದುಕೊಳ್ಳಿ ಅನ್ನುತ್ತಿದ್ದರು.

ಫೋನ್ ಕಿತ್ತುಕೊಂಡೆ. ಕರಿಬಸಮ್ಮನಿಂದ ಶಿವಮೂರ್ತಪ್ಪನವರ ನಂಬರ್ ತೆಗೆದುಕೊಂಡು ನಾನೇ ಮಾಡಿದೆ.

"ನಾನು ಕಾವ್ಯನ ತಾಯಿ ಸುಚಿತ್ರಾ ಮಾತಾಡಾದು. ಯಾವ ರಿಪೋರ್ಟೂ ಕಳ್ಸಲ್ಲ. ಭಾನುವಾರ ಬೆಳಿಗ್ಗೆ ಸೂಳೆಕೆರೆ ಏರಿಗೆ ಬರ್ರಿ. ನಂಗೆ ಏನ್ ಕಾಯಿಲೆ ಐತೆ ಅಂತ ಕಣ್ಣಾರೆ ನೋಡ್ಕಂಡು ಹೋಗ್ರಿ."

"ಆಯ್ತಮ್ಮ, ಬರ್ತೀವಿ," ಅಂದರು.

ಅತ್ತೆ ಹಣೆ ಚಚ್ಚಿಕೊಂಡರು. ಕಾವ್ಯ ಮಾತ್ರ ಯೋಚಿಸಿ, "ನೋಡಿದ್ರೆ ನಂಬ್ತಾರೆ, ಅಲ್ವೇನಮ್ಮ?" ಅಂದಳು. ನಂಬುತ್ತಾರೆ ಅಂದೆ. ಅವತ್ತು ಸಂಜೆ ಮತ್ತೆ ಓಡಿದೆ.

ಭಾನುವಾರ ಬಿಸಿಲು ಏರುವ ಮೊದಲೇ ನಮ್ಮನ್ನೆಲ್ಲ ನೀರಿಗಿಳಿಸಿದರು. ಹೆಚ್ಚಿನವರು ನನ್ನ ಮಗಳ ವಯಸ್ಸಿನವರು, ಮೈಗಂಟಿದ ಕಪ್ಪು ಬಟ್ಟೆ ತೊಟ್ಟವರು. ನಾನು ಲೆಗ್ಗಿಂಗ್ಸ್ ಮೇಲೆ ಉದ್ದ ತೋಳಿನ ಅಂಗಿ ಹಾಕಿದ್ದೆ. ದಂಡೆಯ ಮೇಲಿದ್ದವರು ನೋಡುತ್ತಿದ್ದರೋ ನಗುತ್ತಿದ್ದರೋ ಗೊತ್ತಿಲ್ಲ. ಕಿವಿಗೆ ನೀರು ಹೋದ ಮೇಲೆ ಯಾವುದೂ ಕೇಳಿಸಲಿಲ್ಲ. ವರ್ಷವಿಡೀ ನನಗೆ ಸಿಕ್ಕ ನೆಮ್ಮದಿ ಅದೊಂದೇ. ನೀರಿನ ಮೇಲೆ ಗುರುತಿಗೆ ಬಿಟ್ಟಿದ್ದ ಕೆಂಪು ಬಲೂನಿನವರೆಗೆ ಹೋಗಿ ತಿರುಗುವಾಗ ಕೈ ಸೋತಿತ್ತು, ಮನಸ್ಸು ಸೋತಿರಲಿಲ್ಲ.

ದಡ ಹತ್ತಿದಾಗ ಹಿಂದೆ ಕೆಲವರೇ ಉಳಿದಿದ್ದರು. ಏರಿಯ ಕೆಳಗೆ ಸೈಕಲ್ ನಿಲ್ಲಿಸಿದ್ದ ಜಾಗದ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಓಂಕಾರ್, ಕಾವ್ಯ, ಅವರ ಪಕ್ಕದಲ್ಲಿ ಬಿಳಿ ಅಂಗಿಯ ಶಿವಮೂರ್ತಪ್ಪ. ಕೈಯಲ್ಲಿ ಮೋಸಂಬಿ ಚೀಲ. ಈಜಿ ಬರುವವಳನ್ನು ನೋಡಲು ಬರುವಾಗಲೂ ಆ ಮನುಷ್ಯ ರೋಗಿಯ ಹಣ್ಣು ತಂದಿದ್ದ.

ಶೂ ಹಾಕಿಕೊಂಡು ಸೈಕಲ್ ತೆಗೆಯುತ್ತಿದ್ದೆ. ಶಿವಮೂರ್ತಪ್ಪ ದನಿ ತಗ್ಗಿಸಿ ಕೇಳುತ್ತಿದ್ದುದು ಕಿವಿಗೆ ಬಿತ್ತು.

"ಪರವಾಗಿಲ್ಲ, ಗಟ್ಟಿ ಅದಾರೆ. ಯಾವ ಡಾಕ್ಟ್ರಿಗೆ ತೋರಿಸ್ತಿದೀರಿ?"

"ಈಗ ಎಷ್ಟೋ ವಾಸಿ ಐತ್ರಿ," ಅಂದರು ನನ್ನ ಗಂಡ. "ಡಾಕ್ಟ್ರು ಹೇಳಿದಂಗೇ ಎಲ್ಲಾ ಮಾಡ್ತಿದಾಳೆ."

ನಾನು ಅಲ್ಲೇ ಇದ್ದೆ. ನನ್ನ ಮೈಯಿಂದ ನೀರು ಸುರಿಯುತ್ತಿತ್ತು. ಕೆರೆಯನ್ನು ಈಜಿ ಬಂದವಳ ಎದುರೇ ಅವರು ಮತ್ತೆ ಅದೇ ಡಾಕ್ಟರನ್ನು ಕರೆತಂದರು.

ಸೈಕಲ್ಲನ್ನು ವಾಪಸ್ ಒರಗಿಸಿದೆ. ಹಗ್ಗದ ಹತ್ತಿರ ಹೋಗಿ ನಿಂತೆ.

"ರೀ, ನಿಜ ಹೇಳ್ರಿ. ಹೇಳೋವರ್ಗೂ ನಾನಿಲ್ಲಿಂದ ಕದಲಲ್ಲ."

"ಸುಚಿತ್ರಾ, ಆಮೇಲೆ ಮಾತಾಡಣ. ನೀನು ಹೋಗು."

"ಹೇಳ್ರಿ."

ಸ್ಪರ್ಧೆ ನಡೆಸುವವರ ಕಡೆಯ ಹುಡುಗಿಯೊಬ್ಬಳು ಓಡಿ ಬಂದು, "ಮೇಡಂ, ಟೈಮ್ ಹೋಗ್ತಿದೆ" ಅಂದಳು. ನನಗೂ ಗೊತ್ತಿತ್ತು. ನನ್ನ ಹಿಂದೆ ದಡ ಹತ್ತಿದವರು ಒಬ್ಬೊಬ್ಬರಾಗಿ ಸೈಕಲ್ ಏರಿ ಹೋದರು. ಓಂಕಾರ್ ನೆಲ ನೋಡಿದರು, ಕೆರೆ ನೋಡಿದರು, ಶಿವಮೂರ್ತಪ್ಪನವರ ಚೀಲ ನೋಡಿದರು. ಕಾವ್ಯಳ ಮುಖ ಬಿಳಿಚಿಕೊಂಡಿತ್ತು. ನಾನು ಅವಳ ಕಡೆ ನೋಡದಿರಲು ಹೆಣಗಿದೆ. ಕೊನೆಯ ಸೈಕಲ್ಲೂ ಹೋಯಿತು. ಮೈಮೇಲಿನ ನೀರು ಆರಲು ಶುರುವಾಯಿತು.

"ಕಾಯಿಲೆ ಇಲ್ರಿ," ಅಂದರು ಓಂಕಾರ್, ಯಾರಿಗೂ ಕೇಳದಂತೆ.

"ಜೋರಾಗಿ."

"ಕಾಯಿಲೆ ಇಲ್ರಿ ಇವ್ಳಿಗೆ. ಯಾವ ಡಾಕ್ಟ್ರೂ ಏನೂ ಹೇಳಿಲ್ಲ. ನಾನು ಹೇಳಿದ್ದು ಸುಳ್ಳು." ಅವರು ನನ್ನ ಕಡೆ ತಿರುಗಿದರು. "ಅವ್ಳಿಗೆ ಇಷ್ಟ. ಅದ್ಕೆ ಓಡ್ತಾಳೆ."

ಶಿವಮೂರ್ತಪ್ಪನವರ ಮುಖ ನೋಡಲು ನಾನು ನಿಲ್ಲಲಿಲ್ಲ.

ಸಂತೇಬೆನ್ನೂರಿನ ಕಡೆಯ ರಸ್ತೆಯಲ್ಲಿ ಎದುರುಗಾಳಿ ಇತ್ತು. ಎರಡೂ ಬದಿಗೆ ಮೆಕ್ಕೆಜೋಳ. ಮುಂದೆಯೂ ಯಾರಿಲ್ಲ, ಹಿಂದೆಯೂ ಯಾರಿಲ್ಲ. ಪೆಡಲ್ ತುಳಿಯುತ್ತಾ ಗಂಡನನ್ನು ಬೈದೆ, ಅತ್ತೆಯನ್ನು ಬೈದೆ, ನನ್ನನ್ನು ಹೊಳೆಯಿಂದ ಎಬ್ಬಿಸಿದ ಸತ್ತುಹೋದ ನನ್ನ ಅಪ್ಪನನ್ನೂ ಬೈದೆ. ಬಾಯಿಬಿಟ್ಟೇ ಬೈದೆ. ಹೊಲದ ಬದುವಿನಲ್ಲಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ವಾಪಸ್ ಬಂದು ಸೈಕಲ್ ಬಿಸಾಕಿ ಏರಿಯ ಮೇಲೆ ಓಡುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮುಗಿಸಿ ಬರುತ್ತಿದ್ದ ಹುಡುಗರು ಪದಕ ಹಾಕಿಕೊಂಡೇ ಎದುರಾದರು. ಕಾಲು ಎತ್ತಿಡಲಾಗುತ್ತಿರಲಿಲ್ಲ. ಆದರೂ ನಡೆಯಲಿಲ್ಲ, ಓಡಿಯೇ ಮುಗಿಸಿದೆ.

ಮುಗಿಯುವ ಜಾಗದಲ್ಲಿ ಬ್ಯಾನರ್ ಬಿಚ್ಚಿ ಸುತ್ತುತ್ತಿದ್ದರು. ಅದೇ ಹುಡುಗಿ ಬಂದು, ಹೊತ್ತು ಮೀರಿದೆ, ಪದಕ ಕೊಡಲು ಬರುವುದಿಲ್ಲ ಎಂದು ಸಂಕಟದಿಂದ ಹೇಳಿ ನೀರಿನ ಬಾಟಲಿ ಕೊಟ್ಟಳು. ಹಗ್ಗದ ಹತ್ತಿರ ನಿಂತು ಕಳೆದ ಹೊತ್ತು ನನಗೆ ಸಿಕ್ಕಿದ್ದರೆ ಪದಕ ನನ್ನ ಕೊರಳಲ್ಲಿರುತ್ತಿತ್ತು.

ಜಗಳೂರಿನ ಕಾರು ಇರಲಿಲ್ಲ. ಕಾವ್ಯ ಬೇವಿನ ಮರದ ಕೆಳಗೆ ಕೂತಿದ್ದಳು. ಮೋಸಂಬಿ ಚೀಲ ಅವಳ ಪಕ್ಕದಲ್ಲಿತ್ತು. ನಾನು ಹೋಗಿ ಮಣ್ಣಿನಲ್ಲೇ ಕುಸಿದೆ.

"ಏನಂದ್ರು?"

"ಕಾಯಿಲೆ ಅಂದ್ರೆ ಔಷಧಿ ಐತೆ, ನಮ್ದೇ ಅಂಗಡಿ ಐತೆ, ಹೆಂಗೋ ಆಗ್ತಿತ್ತು. ಹೆಂಗಸ್ರು ಮನಸ್ಸಿಗೆ ಬಂದಂಗೆ ನಡ್ಯೋ ಮನೆ ಹೆಣ್ಣು ನಮ್ಗೆ ಹೊಂದಾಕಿಲ್ಲ. ಹಂಗಂದ್ರು." ಅವಳು ಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿದಳು.

ವರ್ಷದಲ್ಲಿ ಮೊದಲ ಸಲ ನನಗೆ ಭಯವಾಯಿತು. ಕೈಯಾರೆ ಮಗಳ ಬದುಕು ಹಾಳು ಮಾಡಿದೆನೇ ಅನ್ನಿಸಿತು. "ಗುರುಗೆ ಫೋನ್ ಮಾಡಿದ್ಯಾ?" ಎಂದು ಕೇಳಿದೆ.

"ಮಾಡ್ದೆ. ಓಡಿದ್ರೆ ತಪ್ಪೇನೈತೆ ಅಂತ ನಿಮ್ಮಪ್ಪಂಗೆ ನೀನೇ ಹೇಳು ಅಂದೆ." ಕಾವ್ಯ ಚೀಲದಿಂದ ಒಂದು ಹಣ್ಣು ತೆಗೆದು ಉಗುರಿನಿಂದ ಸಿಪ್ಪೆ ಬಿಡಿಸತೊಡಗಿದಳು. "ನೀನು ಹೇಳಾದು ಸರಿನೇ ಕಾವ್ಯ, ಆದ್ರೆ ಅಪ್ಪಂಗೆ ಹಂಗೆ ಹೇಳಾಕೆ ಆಗ್ತೈತಾ, ಅಂದ."

ನಾನು ತಲೆಯೆತ್ತಿದೆ. ಓಂಕಾರ್ ನನ್ನ ಸೈಕಲ್ ಹಿಡಿದುಕೊಂಡು ನಮ್ಮ ಹಿಂದೆಯೇ ನಿಂತಿದ್ದರು.

"ಅಪ್ಪಾಜಿಗೆ ಒಂದು ವರ್ಷ ಬೇಕಾಯ್ತು," ಅಂದಳು ನನ್ನ ಮಗಳು. ದನಿ ತಗ್ಗಿರಲಿಲ್ಲ. "ಅದೂ ನೀನು ರೇಸ್ ಬಿಟ್ಟು ನಿಂತ್ಕಂಡಿದ್ದಕ್ಕೆ. ಇವ್ನಿಗೆ ಎಷ್ಟು ವರ್ಷ ಬೇಕೋ. ನಾನು ನಿಂತ್ಕಳಲ್ಲ ಅಮ್ಮ."

ಓಂಕಾರ್ ಸೈಕಲ್ಲನ್ನು ಮರಕ್ಕೆ ಒರಗಿಸಿದರು. ನನಗೆ ಕನಿಕರ ಬರಲಿಲ್ಲ. ಬರಬಹುದೇನೋ ಎಂದು ಒಂದು ಗಳಿಗೆ ನೋಡಿದೆ, ಬರಲಿಲ್ಲ.

ಕಾವ್ಯ ಕಣ್ಣೊರೆಸಿಕೊಂಡು ಒಂದು ತೊಳೆ ನನ್ನ ಕೈಗಿಟ್ಟಳು, ಒಂದನ್ನು ತಾನು ಬಾಯಿಗೆ ಹಾಕಿಕೊಂಡಳು. ಹಣ್ಣು ಬಿಸಿಲಿಗೆ ಬೆಚ್ಚಗಾಗಿತ್ತು, ಸಿಹಿಯಾಗಿಯೇ ಇತ್ತು. ಅದು ಮುಗಿದ ಮೇಲೆ ಇನ್ನೊಂದು ಸುಲಿದಳು. ಇಬ್ಬರೇ ತಿಂದೆವು. ಓಂಕಾರ್ ಅವರಿಗೆ ಕೊಡಲಿಲ್ಲ.